ಹನ್ನೊಂದನೆಯ ಮನೆಯ ಸುಣ್ಣ

ಗುಲಬರ್ಗಾ
೧೨ ಮಾರ್ಚ್ ೧೯೯೮

ರೇಣುಕಾ,

ನಿಮ್ಮ ಇಪ್ಪತ್ತನಾಲ್ಕು ಗೋಡೆಗಳೂ ಬಂದು ತಲುಪಿದವು. ದಾರಿಯಲ್ಲಿ ಲಾರಿಯವನು ಎರಡು ಕಡೆ ಜೋರಾಗಿ ಬ್ರೇಕು ಹಾಕಿದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಹುಲಿಗೆಪ್ಪ ಕಾಕಾ ಒಂದೊಂದನ್ನೂ ಜೋಳದ ಕಣಿಕೆಯಲ್ಲಿ ಸುತ್ತಿ ಕೊಟ್ಟಿದ್ದರಿಂದ ಒಂದೂ ಒಡೆಯಲಿಲ್ಲ. ಅವರಿಗೆ ಹೇಳು.

ಕೊಪ್ಪಳಕ್ಕೆ ಜಿಲ್ಲೆಯ ಪಟ್ಟ ಬಂದು, ಹೊಸ ಕಚೇರಿಗಳಿಗೆ ಜಾಗ ಬೇಕೆಂದು ನಿಮ್ಮ ಜನತಾ ಕಾಲೋನಿಯನ್ನು ಕೆಡವುತ್ತಾರೆಂದು ಕೇಳಿದಾಗ ನಾನು ಫೋಟೋ ತೆಗೆಯಲೆಂದು ಬಂದವಳು. ಆದರೆ ನಿನ್ನ ಮನೆಯ ನಡುಗೋಡೆಯಲ್ಲಿ ಚಕ್ಕೆ ಎದ್ದ ಜಾಗವೊಂದನ್ನು ನೋಡಿ ಮನಸ್ಸು ಬದಲಾಯಿತು. ಅಲ್ಲಿ ಬಿಳಿಯ ಕೆಳಗೆ ನೀಲಿ, ನೀಲಿಯ ಕೆಳಗೆ ಹಳದಿ. ಪ್ರತಿ ಮನೆಯಿಂದ ಅಂಗೈ ಅಗಲದ ಒಂದೊಂದು ತುಂಡು ಕೊರೆದುಕೊಳ್ಳುತ್ತೇನೆ ಎಂದಾಗ ನಿನ್ನ ಅತ್ತೆ ಮಾರೆವ್ವ, "ಬುಲ್ಡೋಜರ್ ಬರೂ ತನಕಾ ತಡಕೊಳ್ಳಾಕ ಆಗೂದಿಲ್ಲೇನ್ರಿ ಅಕ್ಕಾರ? ನೀವ ಮೊದಲ ಕೆಡವಾಕ ಹತ್ತೀರಿ" ಎಂದು ಬೈದದ್ದು ಇನ್ನೂ ಕಿವಿಯಲ್ಲಿದೆ.

ಈಗ ತುಂಡುಗಳ ಅಂಚನ್ನು ಮರಳು ಕಾಗದದಿಂದ ಉಜ್ಜುತ್ತಿದ್ದೇನೆ. ಉಜ್ಜಿದ ಮೇಲೆ ಪದರಗಳು ದಾರದ ಎಳೆಗಳಂತೆ ಒಂದರ ಮೇಲೊಂದು ಕಾಣುತ್ತವೆ. ಭೂತಗನ್ನಡಿ ಹಿಡಿದರೆ ಎಣಿಸಬಹುದು. "ವರ್ಷಾ ವರ್ಷಾ ಮಾನಮಿಗೆ ಸುಣ್ಣ ಹಚ್ಚತೀವ್ರಿ" ಎಂದು ನೀವೆಲ್ಲ ಹೇಳಿದ್ದಿರಲ್ಲ, ಹಾಗಾದರೆ ಒಂದು ಪದರ ಎಂದರೆ ಒಂದು ದಸರೆ, ಒಂದು ವರ್ಷ. ಜನ ಮರೆಯುತ್ತಾರೆ, ಕಾಗದಕ್ಕೆ ಹುಳ ಹಿಡಿಯುತ್ತದೆ, ಸುಣ್ಣ ಮಾತ್ರ ಸುಳ್ಳು ಹೇಳುವುದಿಲ್ಲ. ಪ್ರತಿ ಮನೆಗೂ ಒಂದು ಚೀಟಿ ಬರೆದು, ಹಳೆಯ ಕಾಲೋನಿಯ ಸಾಲಿನಲ್ಲಿದ್ದ ಹಾಗೆಯೇ ಚೌಕಟ್ಟಿನಲ್ಲಿ ಜೋಡಿಸಿ ಪ್ರದರ್ಶನಕ್ಕಿಡುತ್ತೇನೆ. ಸಣ್ಣದೊಂದು ಪುಸ್ತಕವನ್ನೂ ಮಾಡುವ ಆಸೆಯಿದೆ.

ಹೊಸ ಜಾಗ ಹೇಗಿದೆ, ಬರೆ.

ನೇತ್ರಾವತಿ


ಕೊಪ್ಪಳ
೨ ಏಪ್ರಿಲ್ ೧೯೯೮

ಅಕ್ಕೋರಿಗೆ ರೇಣುಕಾದೇವಿಯ ನಮಸ್ಕಾರ.

ನಿಮ್ಮ ಕಾಗದವನ್ನು ಅಂಗನವಾಡಿಯ ಬಾಗಿಲಲ್ಲಿ ನಿಂತು ಎಲ್ಲರಿಗೂ ಓದಿ ಹೇಳಿದೆ. ಹುಲಿಗೆಪ್ಪ ಕಾಕಾ ಎರಡು ಸಲ ಓದಿಸಿಕೊಂಡರು. ನಿಮಗೆ ಇಲ್ಲಿ ಈಗ ಗ್ವಾಡಿ ಅಕ್ಕಾರು ಎಂದೇ ಹೆಸರು.

ಹೊಸ ಕಾಲೋನಿ ಕುಷ್ಟಗಿ ರಸ್ತೆಯ ಪಕ್ಕದಲ್ಲಿದೆ. ಮನೆಗಳು ಗಟ್ಟಿಯಾಗಿವೆ, ಸುಳ್ಳು ಹೇಳಬಾರದು. ನೀರಿನ ನಲ್ಲಿ ಮೂರು ಮನೆಗೆ ಒಂದು. ಆದರೆ ಮನೆ ಹಂಚುವಾಗ ಚೀಟಿ ಎತ್ತಿಸಿದರು, ಹಾಗಾಗಿ ಯಾರ ಪಕ್ಕ ಯಾರೂ ಇಲ್ಲ. ಮೊದಲು ನಮ್ಮವು ಜೋಡಿ ಮನೆಗಳಾಗಿದ್ದವಲ್ಲ, ಎರಡು ಮನೆಗೆ ನಡುವೆ ಒಂದೇ ಗೋಡೆ. ಅತ್ತೆಗೆ ಏನು ಬೇಕಿದ್ದರೂ ಒನಕೆಯ ತುದಿಯಿಂದ ಗೋಡೆ ಬಡಿಯುತ್ತಿದ್ದರು, ಆ ಕಡೆಯಿಂದ ರಾಜಾಬೀ ಕಾಕಿ "ಏನವಾ ಮಾರಿ, ಒಲಿ ಆರಿತೇನು?" ಎಂದು ಕೂಗುತ್ತಿದ್ದರು. ಇಲ್ಲಿ ಪ್ರತಿ ಮನೆಗೂ ನಾಲ್ಕು ಗೋಡೆ, ನಡುವೆ ಮೂರು ಅಡಿ ಸಂದಿ. ಮೊದಲ ದಿನ ಅಭ್ಯಾಸಬಲದಿಂದ ಅತ್ತೆ ಗೋಡೆ ಬಡಿದರು. ಹೊರಗೆ ಮಲಗಿದ್ದ ನಾಯಿ ಎದ್ದು ಬೊಗಳಿತು. "ಉತ್ತರಾ ಕೊಟ್ಟಿತಲ್ಲ, ಅಷ್ಟ ಸಾಕು" ಎಂದು ನಕ್ಕರು. ರಾಜಾಬೀ ಕಾಕಿಗೆ ಕೊನೆಯ ಸಾಲಿನಲ್ಲಿ ಮನೆ ಸಿಕ್ಕಿದೆ. ಖಾರ ಕೇಳಬೇಕಾದರೂ ಚಪ್ಪಲಿ ಮೆಟ್ಟಿ ಹೋಗಬೇಕು.

ಇನ್ನೊಂದು ಸುದ್ದಿ. ಹಳೆಯ ಕಾಲೋನಿಯಲ್ಲಿ ಹದಿನೈದು ವರ್ಷ ಅಥವಾ ಹೆಚ್ಚು ಇದ್ದವರಿಗೆ ಈ ಮನೆಗಳ ಹಕ್ಕುಪತ್ರ ಕೊಡುತ್ತಾರಂತೆ. ಅದಕ್ಕಿಂತ ಕಡಿಮೆ ಇದ್ದವರು ಮನೆ ಬಿಡಬೇಕು. ನಮ್ಮ ಹಂಚಿಕೆ ಕಾಗದ ಒಂದು ಮಳೆಗಾಲದಲ್ಲಿ ಜಂತಿಯ ಮೇಲೆಯೇ ನೆನೆದು ಹೋಯಿತು. ರೇಷನ್ ಕಾರ್ಡು ಎಂಟು ವರ್ಷದಿಂದ ಈಚಿನದು. ಆದರೆ ಹೆದರಿಕೆಯೇನಿಲ್ಲ. ಅತ್ತೆ ಮೊದಲ ದಿನದಿಂದಲೂ ಅಲ್ಲಿದ್ದವರು ಎಂಬುದು ಇಪ್ಪತ್ಮೂರು ಮನೆಗಳಿಗೆ ಗೊತ್ತಿದೆ. ನನ್ನ ಗಂಡ ದುರಗೇಶ ಅರ್ಜಿ ಕೊಟ್ಟು ಬಂದಿದ್ದಾರೆ.

ಪುಸ್ತಕ ಆದಾಗ ಕಳಿಸಿರಿ.

ರೇಣುಕಾದೇವಿ


ಗುಲಬರ್ಗಾ
೨೦ ಜುಲೈ ೧೯೯೮

ರೇಣುಕಾ,

ಹತ್ತು ಪ್ರತಿ ಪುಸ್ತಕ ಕಳಿಸಿದ್ದೇನೆ. ಕಟ್ಟು ಬಿಚ್ಚುವಾಗ ಮಕ್ಕಳ ಕೈಗೆ ಮೊದಲು ಕೊಡಬೇಡ.

ಪ್ರದರ್ಶನ ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ಆಯಿತು. ಜನ ಚೌಕಟ್ಟಿನ ಮುಂದೆ ಬಗ್ಗಿ, ಕಣ್ಣು ಕಿರಿದು ಮಾಡಿ ಪದರ ಎಣಿಸುತ್ತಿದ್ದರು. ಒಬ್ಬ ನಿವೃತ್ತ ಇಂಜಿನಿಯರು, "ನಾವು ಕಟ್ಟಿದ್ದನ್ನು ಹೀಗೆ ಯಾರೂ ನೋಡಿರಲಿಲ್ಲ" ಎಂದು ಹೇಳಿ ಬಹಳ ಹೊತ್ತು ನಿಂತರು. ಮೂರನೆಯ ಮನೆಯಲ್ಲಿ ಇಪ್ಪತ್ತೊಂದು ಪದರ ಇವೆ. ಎಲ್ಲರಿಗಿಂತ ಮೊದಲು ಬಂದವರು ಅವರೇ ಎಂದು ಬರೆದಿದ್ದೇನೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಾತ್ರ ನಿಮ್ಮದು. ಅಷ್ಟು ಸ್ಪಷ್ಟವಾದ ಎಳೆಗಳು ಬೇರೆ ಯಾವುದರಲ್ಲೂ ಇಲ್ಲ. ಅದರ ಚೀಟಿ ಹೀಗಿದೆ: "ಹನ್ನೊಂದನೆಯ ಮನೆ. ಮಾರೆವ್ವ. ಹದಿನಾಲ್ಕು ಪದರ, ಹದಿನಾಲ್ಕು ವರ್ಷದ ಬಾಳು."

ನಿಮ್ಮ ವಸತಿ ಕೆಲಸ ನೋಡುವ ಅಧಿಕಾರಿಗೂ ಒಂದು ಪ್ರತಿ ಕಳಿಸಿದ್ದೆ. ಬಹಳ ಉಪಯುಕ್ತವಾಗಿದೆ ಎಂದು ಅವರು ತಾವೇ ಉತ್ತರ ಬರೆದಿದ್ದಾರೆ. ಸರಕಾರದವರು ಚಿತ್ರಕಲೆಯ ಪುಸ್ತಕವನ್ನು ಉಪಯುಕ್ತ ಎನ್ನುವುದು ದಿನಾ ಆಗುವ ಮಾತಲ್ಲ. ಅತ್ತೆಗೆ ಅವರ ಪುಟ ಓದಿ ತೋರಿಸು.

ನೇತ್ರಾವತಿ


ಕೊಪ್ಪಳ
೧೧ ಆಗಸ್ಟ್ ೧೯೯೮

ಅಕ್ಕೋರಿಗೆ ನಮಸ್ಕಾರ.

ಪುಸ್ತಕಗಳು ಬಂದವು. ಕಾಗದ ಚೆನ್ನಾಗಿದೆ, ಫೋಟೋಗಳೂ ಚೆನ್ನಾಗಿ ಮೂಡಿವೆ. ಎಲ್ಲರೂ ತಮ್ಮ ತಮ್ಮ ಮುಖ ನೋಡಿಕೊಂಡರು.

ಒಂದು ಕೇಳಿಕೆ. ನಮ್ಮ ಹನ್ನೊಂದನೆಯ ಮನೆಯ ತುಂಡನ್ನೂ, ಅದರ ಜೋಡಿ ಹನ್ನೆರಡನೆಯದು ರಾಜಾಬೀ ಕಾಕಿಯದನ್ನೂ ಸ್ವಲ್ಪ ದಿನದ ಮಟ್ಟಿಗೆ ಕಳಿಸಿಕೊಡಲು ಆಗುತ್ತದೆಯೇ? ಅತ್ತೆ ಒಮ್ಮೆ ನೋಡಬೇಕು ಎನ್ನುತ್ತಿದ್ದಾರೆ.

ಹಕ್ಕುಪತ್ರ ಇದೇ ಹದಿನೈದನೇ ತಾರೀಖು ಧ್ವಜ ಏರಿಸಿದ ಮೇಲೆ ಕೊಡುತ್ತಾರಂತೆ.

ರೇಣುಕಾದೇವಿ


ಗುಲಬರ್ಗಾ
೩೦ ಆಗಸ್ಟ್ ೧೯೯೮

ರೇಣುಕಾ,

ಅತ್ತೆಗೆ ಹಳೆಯ ಮನೆ ನೆನಪಾಗುತ್ತಿದೆ ಎಂದು ತಿಳಿದು ಮನಸ್ಸು ತುಂಬಿ ಬಂತು. ಆದರೆ ತುಂಡು ಕಳಿಸುವುದು ಸದ್ಯಕ್ಕೆ ಆಗದ ಮಾತು. ಚೌಕಟ್ಟು ಮೈಸೂರಿಗೆ ಹೊರಟಿದೆ, ಆಮೇಲೆ ಧಾರವಾಡಕ್ಕೆ. ನಡುವಿನಿಂದ ಎರಡನ್ನು ತೆಗೆದರೆ ಸಾಲೇ ಹರಿದ ಹಾಗೆ. ಹಳೆಯ ಕಾಲೋನಿ ಈಗ ಉಳಿದಿರುವುದು ಈ ಸಾಲಿನಲ್ಲಿ ಮಾತ್ರ ಎಂದು ನಾನು ನಂಬಿದ್ದೇನೆ. ಅದರ ಬದಲು ದೊಡ್ಡದೊಂದು ಬಣ್ಣದ ಫೋಟೋ ತೆಗೆಸಿ ಇದರ ಜೊತೆ ಇಟ್ಟಿದ್ದೇನೆ. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕು, ಅತ್ತೆ ದಿನಾ ನೋಡಬಹುದು.

ಹಕ್ಕುಪತ್ರದ ಸಮಾರಂಭ ಹೇಗಾಯಿತು? ಸಿಹಿ ಹಂಚಿದಿರಾ?

ನೇತ್ರಾವತಿ


ಗುಲಬರ್ಗಾ
೧೫ ನವೆಂಬರ್ ೧೯೯೮

ರೇಣುಕಾ,

ಫೋಟೋ ತಲುಪಿತೋ ಇಲ್ಲವೋ ತಿಳಿಯಲಿಲ್ಲ. ದಸರೆಗೆ ಒಂದು ಕಾಗದ ಹಾಕಿದ್ದೆ, ಅದಕ್ಕೂ ಉತ್ತರವಿಲ್ಲ. ಹತ್ತು ಸಾಲು ಕೇಳಿದರೆ ಇಪ್ಪತ್ತು ಸಾಲು ಬರೆಯುವವಳು ನೀನು. ತುಂಡು ಕೊಡಲಿಲ್ಲವೆಂದು ಬೇಸರವೇ? ಏನಿದ್ದರೂ ಬರೆ. ಬೈಗುಳವಾದರೂ ನಡೆಯುತ್ತದೆ.

ನೇತ್ರಾವತಿ


ಕೊಪ್ಪಳ
೨೮ ನವೆಂಬರ್ ೧೯೯೮

ಅಕ್ಕೋರಿಗೆ ನಮಸ್ಕಾರ.

ಬರೆಯಬೇಡ ಎಂದು ಅತ್ತೆ ಹೇಳಿದ್ದರು. "ಆಕಿ ನಮ್ಮ ಗ್ವಾಡಿನ ಎದಿಗೆ ಅವಚಿಕೊಂಡು ಹೋಗ್ಯಾಳ. ಆಕಿ ಮನಸ್ಸು ಯಾಕ ನೋಯಿಸ್ತಿ?" ಎಂದರು. ನಾನೂ ಸುಮ್ಮನಿದ್ದೆ. ಇನ್ನು ಸುಮ್ಮನಿದ್ದರೆ ಮನೆ ಹೋಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಆಗಸ್ಟ್ ಹದಿನೈದಕ್ಕೆ ಇಪ್ಪತ್ಮೂರು ಮನೆಗೆ ಹಕ್ಕುಪತ್ರ ಕೊಟ್ಟರು. ನಮಗೆ ಕೊಡಲಿಲ್ಲ. ಅದಕ್ಕೆ ವಾರ ಮೊದಲೇ ಕಚೇರಿಗೆ ಕರೆಸಿ ತಿಳಿಸಿದ್ದರು. ಸಾಹೇಬರ ಮೇಜಿನ ಮೇಲೆ ನಿಮ್ಮ ಪುಸ್ತಕವಿತ್ತು. ಹನ್ನೊಂದನೆಯ ಮನೆಯ ಪುಟ ತೆಗೆದು, "ಇಲ್ಲಿ ನೋಡವಾ, ನಿನ್ನ ಫೋಟೋನೂ ಐತಿ. ಹದಿನಾಲ್ಕು ವರ್ಷ. ಸರಕಾರ ಕೇಳೂದು ಹದಿನೈದು" ಎಂದರು. ಓಣಿಯವರೆಲ್ಲ ಸಾಕ್ಷಿ ಹೇಳುತ್ತಾರೆ ಎಂದು ದುರಗೇಶ ಹೇಳಿದರು. ಅದಕ್ಕೆ ಅವರು, "ಒಬ್ಬರಿಗೊಬ್ಬರು ಹೇಳೇ ಹೇಳ್ತಾರ. ಬಾಯಿಮಾತಿನ ಮ್ಯಾಲೆ ಮನಿ ಕೊಡಾಕ ಬರಂಗಿಲ್ಲ. ಇದು ಅಚ್ಚಾದ ಪುಸ್ತಕ" ಎಂದರು. ಮಾರ್ಚ್ ಕೊನೆಗೆ ಮನೆ ಬಿಡಬೇಕು.

ಬೇರೆಯವರಿಗೂ ನೀವು ವರ್ಷ ಕಡಿಮೆ ಬರೆದಿದ್ದೀರಿ. ಅವರಿಗೆ ಕಾಗದ ಇದ್ದುದರಿಂದ ತೊಂದರೆಯಾಗಲಿಲ್ಲ. ಹುಲಿಗೆಪ್ಪ ಕಾಕಾ ಪುಸ್ತಕ ಕೇಳಿಸಿಕೊಂಡು, "ನನಗ ಹದಿನಾರು ವರ್ಷ ಅಂತ ಬರದಾರಲ್ಲ, ಮತ್ತ ಐದು ವರ್ಷ ನಾ ಎಲ್ಲಿದ್ದೆ? ಜೇಲಿನ್ಯಾಗೇನು?" ಎಂದು ಎಲ್ಲರನ್ನೂ ನಗಿಸಿದರು. ಅತ್ತೆ ಮಾತ್ರ ನಗಲಿಲ್ಲ. ಮನೆಗೆ ಬಂದು ಬೆರಳು ಮಡಿಸಿ ಎಣಿಸಲು ಕೂತರು. ಏಳಕ್ಕೆ ನಿಂತರು.

ನಿಮಗೆ ನಾವು ಹೇಳಿದ್ದು ಸುಳ್ಳಲ್ಲ ಅಕ್ಕೋರೆ. ವರ್ಷಾ ವರ್ಷಾ ಮಾನಮಿಗೆ ಸುಣ್ಣ ಹಚ್ಚುತ್ತೇವೆ. ಆದರೆ ಸಾವಾದ ಮನೆಗೆ ಆ ವರ್ಷ ಹಚ್ಚುವುದಿಲ್ಲ. ನಮ್ಮ ಸಾಲಿನಲ್ಲಿ ಇನ್ನೊಂದು ರೂಢಿ, ಜೋಡಿ ಮನೆಯವರೂ ಹಚ್ಚುವುದಿಲ್ಲ. ಗೋಡೆ ಒಂದೇ ತಾನೇ, ಈ ಕಡೆ ದುಃಖ ಇರುವಾಗ ಆ ಕಡೆ ಬಣ್ಣ ಹೇಗೆ ಬಳಿಯುವುದು? ಅತ್ತೆಯ ಮನೆಯಲ್ಲಿ ಸಾವಾದಾಗ ರಾಜಾಬೀ ಕಾಕಿ ಬಿಟ್ಟರು, ಅವರ ಮನೆಯಲ್ಲಿ ಆದಾಗ ನಾವು ಬಿಟ್ಟೆವು. ಅವೆರಡೂ ಸೇರಿ ಏಳು. ಹದಿನಾಲ್ಕಕ್ಕೆ ಏಳು ಸೇರಿಸಿ ನೋಡಿರಿ. ನೀವು ಕೇಳಿದಾಗ ಇದನ್ನು ಯಾರೂ ಹೇಳಲಿಲ್ಲ. ಮನೆ ಕೆಡವುವ ಹೊತ್ತಿನಲ್ಲಿ ಸತ್ತವರ ಮಾತು ಯಾರು ಎತ್ತುತ್ತಾರೆ? ಹಚ್ಚದ ವರ್ಷ ಲೆಕ್ಕಕ್ಕೆ ಬರುತ್ತದೆ ಎಂದೂ ನಮಗೆ ಹೊಳೆಯಲಿಲ್ಲ.

ಅತ್ತೆ ತುಂಡು ಕೇಳಿದ್ದು ನೆನಪಿಗಾಗಿ ಅಲ್ಲ. ನೀವು ಕಳಿಸಿದ ಫೋಟೋದಲ್ಲಿ ಎಳೆಗಳು ಕಲಸಿಹೋಗಿವೆ. ಮೇಲ್ಮನವಿ ಕೊಟ್ಟಿದ್ದೇವೆ. ಜನವರಿ ಹನ್ನೆರಡಕ್ಕೆ ವಿಚಾರಣೆ.

ರೇಣುಕಾದೇವಿ


ಗುಲಬರ್ಗಾ
೫ ಡಿಸೆಂಬರ್ ೧೯೯೮

ರೇಣುಕಾ,

ತಪ್ಪು ನನ್ನದು. ಯಲಬುರ್ಗಾದಲ್ಲಿ ಹುಟ್ಟಿದವಳು ನಾನು, ಕೊಪ್ಪಳಕ್ಕೆ ಪರದೇಶಿಯಲ್ಲ. ಆದರೂ ಎಣಿಸಿದೆನೇ ಹೊರತು ಎಣಿಸಿದ್ದು ಸರಿಯೇ ಎಂದು ನಿಮ್ಮಲ್ಲಿ ಒಬ್ಬರನ್ನೂ ಕೇಳಲಿಲ್ಲ. ಇಪ್ಪತ್ತೊಂದು ಪದರದ ಪಕ್ಕದಲ್ಲೇ ಹದಿನಾಲ್ಕು ಪದರ ಇದ್ದಾಗ, ಇವರು ತಡವಾಗಿ ಬಂದವರು ಎಂದು ನಾನೇ ಕಥೆ ಕಟ್ಟಿಕೊಂಡೆ.

ನಿನ್ನ ಕಾಗದ ಬಂದ ದಿನವೇ ಮೈಸೂರಿಗೆ ಹೋಗಿ ಪ್ರದರ್ಶನ ನಿಲ್ಲಿಸಿ ಚೌಕಟ್ಟನ್ನು ತಂದೆ. ಇಪ್ಪತ್ತನಾಲ್ಕನ್ನೂ ಬಿಚ್ಚಿ ನೆಲದ ಮೇಲೆ ಒಂದರ ಪಕ್ಕ ಒಂದು ಇಟ್ಟು ಎರಡು ದಿನ ಕೂತೆ. ಮೊದಲು ನಾನು ಒಂದೊಂದನ್ನೇ ಬೇರೆ ಬೇರೆ ನೋಡಿದ್ದೆ. ಈಗ ಜೊತೆಯಲ್ಲಿ ನೋಡಿದರೆ ಬಣ್ಣಗಳ ಅನುಕ್ರಮ ಎಲ್ಲದರಲ್ಲೂ ಒಂದೇ. ತಳದಲ್ಲಿ ಹಳದಿ, ಅದರ ಮೇಲೆ ಬಿಳಿ, ಆಮೇಲೆ ಗುಲಾಬಿ, ಆಮೇಲೆ ನೀಲಿ. ಮೂರನೆಯ ಮನೆಯಲ್ಲಿ ಇಪ್ಪತ್ತೊಂದೂ ಇವೆ. ಅದನ್ನು ಪಕ್ಕದಲ್ಲಿಟ್ಟರೆ ಉಳಿದವುಗಳಲ್ಲಿ ಯಾವ ವರ್ಷದ ಬಣ್ಣ ಇಲ್ಲವೆಂದು ಬೆರಳಿಟ್ಟು ಹೇಳಬಹುದು. ನಿಮ್ಮದರಲ್ಲಿ ತಳದ ಹಳದಿ ಇದೆ, ಎರಡನೆಯ ಬಿಳಿ ಇಲ್ಲ, ನಾಲ್ಕನೆಯ ನೀಲಿ ಇಲ್ಲ. ಮುಂದೆ ಇನ್ನೂ ಐದು ಕಡೆ ಇಲ್ಲ. ರಾಜಾಬೀಯವರ ತುಂಡಿನಲ್ಲೂ ಅವೇ ಏಳು ಇಲ್ಲ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಎರಡು ಮನೆಯವರು ಬೇರೆ ಬೇರೆ ಬಣ್ಣ ಕೊಳ್ಳುತ್ತಿದ್ದರೆ ಹೀಗಾಗಲು ಸಾಧ್ಯವಿಲ್ಲ. ಇದು ಹೇಗೆ ಎಂದು ತಿಳಿಸು.

ವಿಚಾರಣೆಗೆ ನಾನೇ ಬರುತ್ತೇನೆ. ಪುಸ್ತಕ ಬರೆದವಳು ನಾನು, ತಪ್ಪೆಂದು ಆ ಮೇಜಿನ ಮುಂದೆ ನಾನೇ ಹೇಳುತ್ತೇನೆ.

ನೇತ್ರಾವತಿ


ಕೊಪ್ಪಳ
೧೭ ಡಿಸೆಂಬರ್ ೧೯೯೮

ಅಕ್ಕೋರಿಗೆ ನಮಸ್ಕಾರ.

ಬಣ್ಣ ಒಂದೇ ಇರುವುದು ಹೀಗೆ. ಇಡೀ ಕಾಲೋನಿಗೆ ಸುಣ್ಣ ಅರಳಿಸುತ್ತಿದ್ದುದು ಒಂದೇ ಡಾಂಬರಿನ ಡ್ರಮ್ಮಿನಲ್ಲಿ, ಹುಲಿಗೆಪ್ಪ ಕಾಕಾ ಅವರ ಬಾಗಿಲ ಮುಂದೆ. ಬಣ್ಣದ ಪುಡಿಯನ್ನೂ ಅದಕ್ಕೇ ಕಲಸುತ್ತಿದ್ದರು. ಆ ವರ್ಷ ಯಾವ ಬಣ್ಣ ಎಂದು ಆರಿಸಲು ಒಂದು ಮನೆಯ ಹೆಂಗಸಿನ ಹೆಸರಿಗೆ ಚೀಟಿ ಎತ್ತುತ್ತಿದ್ದರು. ಅವಳು ಹೇಳಿದ್ದೇ ಬಣ್ಣ. ಗಂಡಸರಿಗೆ ಇದರಲ್ಲಿ ಮಾತಿರಲಿಲ್ಲ.

ನಿಮ್ಮ ಕಾಗದವನ್ನು ಅತ್ತೆಗೆ ಓದಿದೆ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ, ಸಿಟ್ಟಾಗಬೇಡಿರಿ. "ಅಕ್ಕಾರಿಗೆ ಬರಬ್ಯಾಡ ಅಂತ ಬರಿ. ಆ ಸಾಹೇಬ ಒಮ್ಮೆ ಆಕಿ ಮಾತು ನಂಬ್ಯಾನ. ಈ ಸಲನೂ ಆಕಿ ಬಂದು ಹೇಳಿದ್ರ ಮತ್ತ ಆಕಿ ಮಾತ ನಂಬತಾನ. ಆತ ನನ್ನ ಮಾತು ನಂಬೂದು ಯಾವಾಗ?"

ತುಂಡುಗಳನ್ನು ಕಳಿಸಿರಿ. ಇಪ್ಪತ್ತನಾಲ್ಕೂ ಬೇಕು. ಚೀಟಿಗಳನ್ನು ಕಿತ್ತು ಕಳಿಸಿರಿ.

ರೇಣುಕಾದೇವಿ


ಗುಲಬರ್ಗಾ
೨ ಜನವರಿ ೧೯೯೯

ರೇಣುಕಾ,

ಸಿಟ್ಟಿಲ್ಲ. ಅತ್ತೆ ಹೇಳಿದ್ದು ಸರಿ.

ಕುಷ್ಟಗಿ ಮೇಲೆ ಬರುವ ಬೆಳಗಿನ ಬಸ್ಸಿನ ಕಂಡಕ್ಟರ್ ವಿರುಪಣ್ಣ ಅವರ ಕೈಯಲ್ಲಿ ಎರಡು ಪೆಟ್ಟಿಗೆ ಕಳಿಸಿದ್ದೇನೆ. ಚೀಟಿ ಇಲ್ಲ, ನಂಬರೂ ಇಲ್ಲ. ಭೂತಗನ್ನಡಿ ಮೇಲಿನ ಪೆಟ್ಟಿಗೆಯಲ್ಲಿದೆ. ಜೊತೆಗೆ ಒಂದು ಮುಚ್ಚದ ಲಕೋಟೆ ಇದೆ. ಪುಸ್ತಕದಲ್ಲಿ ವರ್ಷಗಳೆಂದು ನಾನು ಬರೆದದ್ದು ಪದರಗಳ ಸಂಖ್ಯೆ ಮಾತ್ರ, ವಾಸದ ಅವಧಿಯಲ್ಲ ಎಂದು ಸಹಿ ಮಾಡಿ ಬರೆದಿದ್ದೇನೆ. ಬೇಕಾದರೆ ಕೊಡಿ, ಬೇಡವಾದರೆ ಒಲೆಗೆ ಹಾಕಿ.

ನೇತ್ರಾವತಿ


ಕೊಪ್ಪಳ
೧೬ ಜನವರಿ ೧೯೯೯

ಅಕ್ಕೋರಿಗೆ ನಮಸ್ಕಾರ.

ನಿಮ್ಮ ಲಕೋಟೆಯನ್ನು ತೆಗೆದುಕೊಂಡು ಹೋಗಿದ್ದೆವು, ಆದರೆ ಅದು ನನ್ನ ಚೀಲದಿಂದ ಹೊರಗೆ ಬರಲೇ ಇಲ್ಲ. ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ಪೆಟ್ಟಿಗೆ ಬಂದ ದಿನ ರಾಜಾಬೀ ಕಾಕಿಯ ಅಂಗಳದಲ್ಲಿ ಚಾಪೆ ಹಾಸಿ ತುಂಡುಗಳನ್ನೆಲ್ಲ ಹರಡಿದೆವು. ಇಪ್ಪತ್ತನಾಲ್ಕು ಮನೆಯ ಹೆಂಗಸರೂ ಬಂದಿದ್ದರು. ನೀವು ಎರಡು ದಿನ ಕೂತಿರಂತಲ್ಲ, ಇವರಿಗೆ ಒಂದು ಗಂಟೆ ಸಾಕಾಯಿತು. "ಇದು ಫಕೀರಮ್ಮನ ಗುಲಾಬಿ, ಆಕಿ ಮಗಳ ಮದಿವಿ ವರ್ಷದ್ದು." "ಈ ಹೊಲಸ ಕೆಂಪು ಯಾರದವಾ? ನಿನ್ನದ ಅಲ್ಲೇನು?" "ನಂದ, ನಂದ. ಎಲ್ಲಾರೂ ಬೈದು ಬೈದು ಹಚ್ಚಿದ್ರಿ." ಹೀಗೆ ಬೈದಾಡುತ್ತ, ನಗುತ್ತ, ತಳದಿಂದ ಮೇಲಿನವರೆಗೆ ಇಪ್ಪತ್ತೊಂದು ವರ್ಷಕ್ಕೂ ಬಣ್ಣ ಆರಿಸಿದವಳ ಹೆಸರು ಸಿಕ್ಕಿತು.

ಹನ್ನೆರಡನೇ ತಾರೀಖು ಕಚೇರಿಗೆ ಹದಿನೆಂಟು ಹೆಂಗಸರು ಹೋದೆವು, ಜೊತೆಗೆ ದುರಗೇಶ. ಸಾಹೇಬರು, "ಏನಿದು, ಕಲ್ಲು ಹೊತ್ತುಕೊಂಡು ಬಂದೀರಿ?" ಎಂದರು. ಅತ್ತೆ ಮೇಜಿನ ಮೇಲಿನ ಫೈಲುಗಳನ್ನು ಒಂದು ಕಡೆ ಸರಿಸಿ ತುಂಡುಗಳನ್ನು ಹರಡಿದರು. ಪದರದ ವಿಚಾರ ನಾನು ಬಿಡಿಸಿ ಹೇಳಿದೆ. ಅವರು ಒಳ್ಳೆಯವರೇ, ಕೇಳಿಸಿಕೊಂಡರು. ಆದರೆ ಪರೀಕ್ಷೆ ಮಾಡುವ ಆಸೆ ಬಂತು. ತುಂಡುಗಳನ್ನೆಲ್ಲ ಕಲಸಿ, "ಹಂಗಾರ ನಿಂದು ಯಾವುದು, ತೋರ್ಸು" ಎಂದರು. ಅತ್ತೆ ಭೂತಗನ್ನಡಿಯನ್ನು ಮುಟ್ಟಲೂ ಇಲ್ಲ. ಕಿಟಕಿಯ ಬೆಳಕಿಗೆ ಒಂದೊಂದನ್ನೂ ಹಿಡಿದು, ಎಂಟನೆಯದಕ್ಕೆ ನಿಲ್ಲಿಸಿ, "ಇದು ಈಕಿದು" ಎಂದು ರಾಜಾಬೀ ಕಾಕಿಯ ಕೈಗೆ ಕೊಟ್ಟರು. ಇನ್ನು ಐದು ನೋಡಿ ಒಂದನ್ನು ತಮ್ಮ ಮುಂದೆ ಇಟ್ಟುಕೊಂಡರು.

"ಈಗ ಎಣಿಸ್ರಿ ಸಾಹೇಬ್ರ. ಎರಡೂ ಎಣಿಸ್ರಿ."

ಎರಡರಲ್ಲೂ ಹದಿನಾಲ್ಕು.

"ರಾಜಾಬೀ, ನಿನ್ನ ಕಾಗದ ತಗಿ" ಎಂದರು ಅತ್ತೆ. ಕಾಕಿ ಸೆರಗಿನ ಗಂಟಿನಿಂದ ಎಪ್ಪತ್ತೇಳನೇ ಇಸವಿಯ ಹಂಚಿಕೆ ಕಾಗದ ತೆಗೆದು ಮೇಜಿನ ಮೇಲಿಟ್ಟರು. "ಸರಕಾರದ ಸಿಕ್ಕಾ ಐತಿ ನೋಡ್ರಿ. ಇಪ್ಪತ್ತೊಂದು ವರ್ಷದಾಕಿ ಅಂತ ನೀವ ಹಕ್ಕುಪತ್ರ ಕೊಟ್ಟೀರಿ. ಆಕಿ ಗ್ವಾಡಿನೂ ಹದಿನಾಲ್ಕ ಐತಿ. ಹಂಗಾರ ಆಕಿ ಪತ್ರಾ ವಾಪಸ್ ಇಸಗೋತೀರೇನು?"

"ಅಯ್ಯ, ನನ್ನ ಯಾಕ ನಡುವ ಎಳೀತಿ ಮಾರಿ?" ಎಂದರು ಕಾಕಿ. ಎಲ್ಲರೂ ನಕ್ಕರು, ಸಾಹೇಬರೂ. ಆದರೆ ನಕ್ಕ ಮೇಲೆ ಕೇಳಿದರು: ಹಚ್ಚದ ವರ್ಷಗಳಲ್ಲಿ ಸಾವು ಆಗಿತ್ತು ಎಂಬುದಕ್ಕೆ ಏನು ಆಧಾರ?

ಅತ್ತೆ ತಮ್ಮ ತುಂಡನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ತುಂಡಿನ ಮೇಲೆ ಉಗುರಿಟ್ಟು ತಳದಿಂದ ಹೇಳುತ್ತ ಬಂದರು. "ಇಲ್ಲಿ ಬಿಳಿ ಇಲ್ಲ, ನಮ್ಮತ್ತಿ ಹೋದ್ಲು. ಇಲ್ಲಿ ನೀಲಿ ಇಲ್ಲ, ಮನಿಯಾತ ಹೋದ. ಇಲ್ಲಿ ಹಸರು, ನನ್ನ ಮಗಳು, ನಾಕು ವರ್ಷದಾಕಿ, ಜ್ವರ ಬಂದಿತ್ತು." ಅಲ್ಲಿಂದ ಮುಂದೆ ಕಾಕಿ ಹೇಳಿದರು. ಅವರ ಮಾವ ರಾಜಾಸಾಬ, ತಂಗಿ ಜೈನಾಬೀ, ಮೊನ್ನೆ ಮೊನ್ನೆ ಗಂಡ ಶಬ್ಬೀರಸಾಬ.

"ಆರಾತು" ಎಂದರು ಸಾಹೇಬರು. "ಏಳನೇದ್ದು?"

ಅಕ್ಕೋರೆ, ಅದು ನನ್ನದು. ನಿಮಗೆ ಹೇಳಿರಲಿಲ್ಲ. ತೊಂಬತ್ಮೂರರಲ್ಲಿ ಚೀಟಿ ನನ್ನ ಹೆಸರಿಗೆ ಬಂದಿತ್ತು. ಬಸುರಿಯಾಗಿದ್ದೆ, ಎಳೆ ಹಸಿರು ಆರಿಸಿದ್ದೆ. ಮಾನಮಿಗೆ ಎಂಟು ದಿನ ಇರುವಾಗ ಕೂಸು ಹೋಯಿತು, ಇಪ್ಪತ್ತು ದಿನದ್ದು. ಅಷ್ಟು ಸಣ್ಣ ಕೂಸಿಗೆ ವರ್ಷದ ದುಃಖ ಹಿಡಿಯುವುದಿಲ್ಲ, ಸುಣ್ಣ ಹಚ್ಚಬಹುದು ಎಂದು ಹಿರಿಯರು ಹೇಳಿದರು. ರಾಜಾಬೀ ಕಾಕಿ ಕುಂಚವನ್ನು ಡ್ರಮ್ಮಿನ ಬಳಿ ಎಸೆದು, "ಇಪ್ಪತ್ತು ದಿನದ್ದಾದರೂ ಅದರ ಅಳು ನನ್ನ ಗ್ವಾಡಿಗೆ ಕೇಳಿಸೇತಿ. ನಾ ಹಚ್ಚಂಗಿಲ್ಲ" ಎಂದರು. ನಾನು ಆರಿಸಿದ ಹಸಿರು ಇಪ್ಪತ್ತೆರಡು ಮನೆಗೆ ಹತ್ತಿತು. ನಮ್ಮೆರಡಕ್ಕೆ ಹತ್ತಲಿಲ್ಲ. ಇದನ್ನು ಆ ಮೇಜಿನ ಮುಂದೆ ನಾನೇ ಹೇಳಿದೆ.

ಸಾಹೇಬರು ಎದ್ದು ಒಳಗೆ ಹೋದರು. ಪಟ್ಟಣದ ಜನನ ಮರಣದ ರಿಜಿಸ್ಟರನ್ನು ತರಿಸಲು ಆಳು ಕಳಿಸಿದರು. ಇದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಸಾವಿನ ಕಾಗದ ತೋರಿಸಿ ಮನೆ ಕೇಳುವುದು ಅಪಶಕುನ, ಹಾಗೆ ಯಾರಾದರೂ ಯೋಚಿಸುತ್ತಾರೆಯೇ? ಸಂಜೆ ನಾಲ್ಕಕ್ಕೆ ಬಂತು. ಯಾವ ಇಸವಿ ಎಂದು ತಿಳಿದಿದ್ದರಿಂದ ಗುಮಾಸ್ತನಿಗೆ ಹುಡುಕಲು ಹೊತ್ತು ಬೇಕಾಗಲಿಲ್ಲ. ಎಂಬತ್ತನೇ ಇಸವಿಯದರಲ್ಲಿ ಓದಿದ: ಮೃತನ ಹೆಸರು ಮುದುಕಪ್ಪ, ಜನತಾ ಕಾಲೋನಿ, ಮನೆ ನಂಬರು ಹನ್ನೊಂದು. ತಿಳಿಸಿದವರು ಶಬ್ಬೀರಸಾಬ, ಮನೆ ನಂಬರು ಹನ್ನೆರಡು.

ಗಂಡನ ಸಾವನ್ನು ಬರೆಸಿದ್ದಾರೆ ಎಂಬುದೇ ಅತ್ತೆಗೆ ಈವರೆಗೆ ಗೊತ್ತಿರಲಿಲ್ಲ. ಶಬ್ಬೀರ ಕಾಕಾ ತಾವೇ ಹೋಗಿ ಬರೆಸಿ ಬಂದು ಸುಮ್ಮನಿದ್ದರು. ಕಾಕಿ, "ನನಗೂ ಹೇಳಿರಲಿಲ್ಲ" ಎಂದರು.

ಸಾಹೇಬರು ನಿಮ್ಮ ಪುಸ್ತಕವನ್ನು ಮುಚ್ಚಿ ಫೈಲಿನಿಂದ ತೆಗೆದಿಟ್ಟರು. ಹಕ್ಕುಪತ್ರ ಮಂಜೂರು ಎಂದು ಬರೆದು, "ಯಾರ ಹೆಸರಿಗೆ ಮಾಡೂನು? ದುರಗೇಶನ ಹೆಸರಿಗೆ ಅಲ್ಲೇನು?" ಎಂದರು. ದುರಗೇಶ ಹೂಂ ಎನ್ನುವಷ್ಟರಲ್ಲಿ ಅತ್ತೆ, "ಆತಗ ಬಣ್ಣದ ಚೀಟಿ ಯಾವತ್ತರ ಬಂದೈತೇನ್ರಿ? ನನ್ನ ಹೆಸರು ಬರೀರಿ. ಕೆಳಗ ಈಕಿದು ಬರೀರಿ" ಎಂದು ನನ್ನ ಕಡೆ ಕೈ ಮಾಡಿದರು. ದುರಗೇಶ, "ಬರೀರಿ ಸಾಹೇಬ್ರ, ಇಲ್ಲಾಂದ್ರ ನನಗ ರೊಟ್ಟಿ ಸಿಗೂದಿಲ್ಲ" ಎಂದರು.

ಈಗ ಕಷ್ಟದ ಮಾತು. ತುಂಡುಗಳು ವಾಪಸು ಬರುವುದಿಲ್ಲ ಅಕ್ಕೋರೆ. ಕಚೇರಿಯಿಂದ ಬಂದ ಮೇಲೆ ಹೆಂಗಸರು ಕೂತು ತೀರ್ಮಾನ ಮಾಡಿದರು. ಅವರವರ ತುಂಡನ್ನು ಅವರವರು ಒಯ್ದರು. ಹುಲಿಗೆಪ್ಪ ಕಾಕಾ ಹೊಸ ಮನೆಗಳ ಗಿಲಾವನ್ನು ಅಂಗೈ ಅಗಲ ಕೆತ್ತಿ ಒಂದೊಂದಾಗಿ ಕೂಡಿಸುತ್ತಿದ್ದಾರೆ. ಒಂಬತ್ತು ಮನೆ ಆಗಿವೆ. ನಿಮ್ಮನ್ನು ಕೇಳದೆ ಮಾಡಿದೆವು. ಅತ್ತೆಗೆ ಹೇಳಿದರೆ, "ಆಕಿ ಒಯ್ಯುವಾಗ ನಮ್ಮನ್ನ ಕೇಳಿದ್ಲು, ಅದು ಖರೆ. ಆದ್ರ ನಾವು ಹೂಂ ಅಂದದ್ದು ಮನಿ ಬೀಳತೈತಿ ಅಂತ. ಈಗ ಮನಿ ನಿಂತೈತಿ" ಎಂದರು.

ಎರಡು ಪೆಟ್ಟಿಗೆಯನ್ನೂ ಭೂತಗನ್ನಡಿಯನ್ನೂ ವಿರುಪಣ್ಣನ ಬಸ್ಸಿಗೆ ಹಾಕಿದ್ದೇನೆ.

ರೇಣುಕಾದೇವಿ


ಗುಲಬರ್ಗಾ
೯ ಫೆಬ್ರವರಿ ೧೯೯೯

ರೇಣುಕಾ,

ಪೆಟ್ಟಿಗೆಗಳು ಬಂದವು. ಖಾಲಿ ಪೆಟ್ಟಿಗೆಯ ಮುಂದೆ ಒಂದು ದಿನ ಸಿಟ್ಟಿನಲ್ಲಿ ಕೂತಿದ್ದೆ. ನಿನ್ನ ಹತ್ತಿರ ಮುಚ್ಚಿಡಲಾರೆ. ಒಂದು ವರ್ಷದ ಕೆಲಸ ಅದು. ನಿನ್ನ ಕಾಗದವನ್ನು ಮೂರನೆಯ ಸಲ ಓದಿದಾಗ ಸಿಟ್ಟು ಇಳಿಯಿತು. ಆ ಮೇಜಿನ ಮೇಲೆ ಅವು ಒಂದು ದಿನದಲ್ಲಿ ಮಾಡಿದ ಕೆಲಸವನ್ನು ನನ್ನ ಚೌಕಟ್ಟಿನಲ್ಲಿ ಎಷ್ಟು ವರ್ಷ ನಿಂತರೂ ಮಾಡುತ್ತಿರಲಿಲ್ಲ.

ನಿನ್ನ ಕೂಸಿನ ಬಗ್ಗೆ ಏನು ಬರೆಯಲಿ? ನಾನು ಆ ಗೋಡೆಯನ್ನು ಉಜ್ಜುವಾಗ, ಬಿಳಿಯೂ ಹಳದಿಯೂ ಎಷ್ಟು ಅಂಟಿಕೊಂಡಿವೆ ಎಂದು ಸಂತೋಷಪಟ್ಟಿದ್ದೆ. ಅವುಗಳ ನಡುವೆ ಇರಬೇಕಾಗಿದ್ದದ್ದು ನಿನ್ನ ಹಸಿರು ಎಂದು ಈಗ ತಿಳಿಯಿತು.

ಪುಸ್ತಕದ ಉಳಿದ ಪ್ರತಿಗಳನ್ನು ಅಂಗಡಿಗಳಿಂದ ವಾಪಸು ತರಿಸಿದ್ದೇನೆ. ಧಾರವಾಡದವರು ಪ್ರದರ್ಶನ ಯಾವಾಗ ಎಂದು ಕೇಳುತ್ತಲೇ ಇದ್ದರು. ಅವರಿಗೆ ಒಂದು ಆಹ್ವಾನ ಪತ್ರಿಕೆ ಅಚ್ಚು ಹಾಕಿಸಿ ಕಳಿಸಿದೆ, ನಿನಗೂ ಒಂದು ಪ್ರತಿ ಇಟ್ಟಿದ್ದೇನೆ. ಅದರಲ್ಲಿ ಚಿತ್ರವಿಲ್ಲ, ನನ್ನ ಹೆಸರೂ ಇಲ್ಲ. ಕೊಪ್ಪಳ ಬಸ್ ನಿಲ್ದಾಣದಲ್ಲಿ ಇಳಿದು ಕುಷ್ಟಗಿ ರಸ್ತೆ ಹಿಡಿದು ಹೊಸ ಕಾಲೋನಿಗೆ ಬರುವ ದಾರಿ, ಇಪ್ಪತ್ತನಾಲ್ಕು ಹೆಂಗಸರ ಹೆಸರು, ಪ್ರತಿ ಹೆಸರಿನ ಮುಂದೆ ಈಗಿನ ಮನೆಯ ನಂಬರು. ಕೆಳಗೆ ಒಂದು ಸಾಲು: ಗೋಡೆಯನ್ನು ನೋಡುವ ಮೊದಲು ಮನೆಯವರನ್ನು ಕೇಳಿ.

ಯಾರನ್ನು ಒಳಗೆ ಬಿಡಬೇಕು, ಯಾರಿಗೆ ಎಷ್ಟು ಹೇಳಬೇಕು ಎಂಬುದು ನಿಮ್ಮ ಇಷ್ಟ. ಮುಂದಿನ ತಿಂಗಳು ನಾನೂ ಬಂದು ಬಾಗಿಲಲ್ಲಿ ನಿಂತು ಕೇಳುತ್ತೇನೆ.

ನೇತ್ರಾವತಿ